ಒಂದು ಕೋಟಿಗೆ ಒಂದೇ ಕಮ್ಮಿ

ನಮ್ಮ ಅಟ್ಟದ ಮೇಲೊಂದು ಹಳದಿ ವಿಡಿಯೋ ಗೇಮ್ ಕ್ಯಾಸೆಟ್ ಇದೆ. ಅದರ ಮೇಲೆ ‘9999999 ಇನ್ 1’ ಎಂದು ಅಚ್ಚಾಗಿದೆ. ಒಳಗಿರುವುದು ಬೆರಳೆಣಿಕೆಯ ಆಟಗಳು. ಅವನ್ನೇ ಬೇರೆ ಬೇರೆ ಲೆವೆಲ್‌ನಿಂದ ಶುರುಮಾಡಿಸಿ ಹೊಸ ನಂಬರು ಕೊಟ್ಟಿದ್ದಾರೆ. ಕೋಟಿ ಅನ್ನುವುದಕ್ಕೆ ಮಾತ್ರ ಯಾಕೋ ನಾಚಿಕೊಂಡಿದ್ದಾರೆ.

ಅದನ್ನು ಗುಜರಿಗೆ ಹಾಕಬೇಕೆಂಬುದು ಹೆಂಡತಿಯ ಹಟ. ಹಾಗೆಂದಾಗಲೆಲ್ಲ ನನ್ನ ಭಾಷಣ ಶುರುವಾಗುತ್ತದೆ: 1983ರಲ್ಲಿ ಜಪಾನಿನ ನಿಂಟೆಂಡೊ ಫ್ಯಾಮಿಕಾಮ್ ಎಂಬ ಗೇಮ್ ಪೆಟ್ಟಿಗೆ ತಂದಿತು, ತೊಂಬತ್ತರ ದಶಕದಲ್ಲಿ ಅದರ ನಕಲುಗಳು ನಮ್ಮ ಅಂಗಡಿಗಳಿಗೆ ಬಂದವು, ಇಡೀ ಸೂಪರ್ ಮಾರಿಯೋ ಬ್ರದರ್ಸ್ ಬರೀ 40 ಕಿಲೋಬೈಟಿನೊಳಗಿತ್ತು...

“ನಮ್ಮಪ್ಪ ಬೆಳಿಗ್ಗೆ ಕಳಿಸೋ ಶುಭೋದಯದ ಫೋಟೋನೇ ಅದಕ್ಕಿಂತ ದೊಡ್ಡದು ಕಣ್ರೀ. ಅಷ್ಟು ಚಿಕ್ಕ ಜಾಗದಲ್ಲೂ ನಿಮಗೆ ಆ ಮಾರಿಯೋ ಹುಡುಕೋ ರಾಜಕುಮಾರಿ ಸಿಗಲಿಲ್ವಾ?”

ಆಡುವುದರಲ್ಲಿ ನಾನು ಅಷ್ಟಕ್ಕಷ್ಟೇ. ನನ್ನ ಕೀರ್ತಿಯೆಲ್ಲ ಊದುವುದರಲ್ಲಿತ್ತು. ಚಿತ್ರ ಮೂಡದಿದ್ದರೆ ಬೀದಿಯ ಹುಡುಗರು ನನ್ನನ್ನೇ ಕರೆಯುತ್ತಿದ್ದರು. ಕ್ಯಾಸೆಟ್ ಕಿತ್ತು, ನಾಗಸ್ವರದ ವಿದ್ವಾಂಸರ ಗತ್ತಿನಲ್ಲಿ ಕಣ್ಮುಚ್ಚಿ ಊದಿ, ಮತ್ತೆ ಸಿಕ್ಕಿಸುತ್ತಿದ್ದೆ. ಆಟ ಬರುತ್ತಿತ್ತು! ಊದಬೇಡಿ ಎಂದು ನಿಂಟೆಂಡೊದವರೇ ಹೇಳಿದ್ದಾರಂತೆ. ಉಸಿರಿನ ತೇವಕ್ಕೆ ಒಳಗಿನ ಲೋಹದ ಪಟ್ಟಿಗಳು ಕೆಡುತ್ತವಂತೆ. ಪವಾಡವೆಲ್ಲ ಕಿತ್ತು ಸಿಕ್ಕಿಸುವುದರಲ್ಲಿ ಇದ್ದದ್ದಂತೆ.

“ಅಂದ್ರೆ ಅಪ್ಪಾ, ನೀನು ಬರೀ ಎಂಜಲು ಮಾಡ್ತಿದ್ದೆ ಅಷ್ಟೇನಾ?” ಎಂದಳು ಮಗಳು.

ದೀಪಾವಳಿಗೆ ಅಕ್ಕ ಬಂದಾಗ ಮಾನ ಉಳಿಸಿಕೊಳ್ಳಲು ಹೊಸ ಟಿವಿಗೇ ಹಳೇ ಗೇಮ್ ಪೆಟ್ಟಿಗೆ ಜೋಡಿಸಿ, ಡಕ್ ಹಂಟ್ ಹಾಕಿ ಗನ್ ಹಿಡಿದೆ. ಒಂದು ಬಾತುಕೋಳಿಯೂ ಬೀಳಲಿಲ್ಲ. ಪೊದೆಯಿಂದೆದ್ದ ನಾಯಿ ಹಲ್ಲು ಕಿಸಿಯಿತು. ಅದರ ಹಿಂದೆಯೇ ಮನೆಮಂದಿ. ನಾನು ವಿಜ್ಞಾನಕ್ಕೆ ಶರಣಾದೆ: ಗನ್ನಿಂದ ಏನೂ ಹಾರುವುದಿಲ್ಲ, ಅದು ಬೆಳಕು ನೋಡುವ ಕಣ್ಣು. ಟ್ರಿಗರ್ ಒತ್ತಿದ ಕ್ಷಣ ಪರದೆ ಕಪ್ಪಾಗಿ ಹಕ್ಕಿಯ ಜಾಗದಲ್ಲೊಂದು ಬಿಳಿ ಚೌಕ ಮಿಂಚುತ್ತದೆ. ಹಳೇ ಡಬ್ಬಾ ಟಿವಿಯಲ್ಲಿ ಅದು ತಕ್ಷಣ ಮೂಡುತ್ತಿತ್ತು, ಈ ಚಪ್ಪಟೆ ಟಿವಿಯಲ್ಲಿ ತಡವಾಗುತ್ತದೆ.

“ಆ ಟಿವಿಯಲ್ಲೂ ನಿನಗೆ ಬೀಳ್ತಿರಲಿಲ್ಲ ಕಣೋ,” ಎಂದಳು ಅಕ್ಕ. “ಒಂದೇ ಹಕ್ಕಿ ಬರೋ ಆಟದಲ್ಲಿ ರಿಮೋಟ್ ಒತ್ತಿದ್ರೆ ಅದನ್ನ ನಾವೇ ಹಾರಿಸಬಹುದು. ನೀನು ಗುರಿ ಇಡುವಾಗೆಲ್ಲ ನಾನು ಹಿಂದೆ ಕೂತು ಹಾರಿಸ್ತಿದ್ದೆ. ಸೋತವರು ಹಾಲು ತರಬೇಕು ಅಂತ ಪಂದ್ಯ ಇತ್ತಲ್ಲ.”

ಹೆಂಡತಿ ಒಳಗಿನಿಂದ ಸ್ಟೀಲ್ ಕ್ಯಾನು ತಂದು ನನ್ನ ಕೈಗಿಟ್ಟಳು.

“ಹೇಗೂ ಅಭ್ಯಾಸ ಇದೆಯಲ್ಲ. ಕಾಫಿಗೆ ಒಂದು ಲೀಟರ್ ತನ್ನಿ.”