ವಿಮಾರಹಿತ ರಥ ಮೀಮಾಂಸೆ

ಗಾಡಿಯ ಮೂತಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿ, ಹಿಂದಿನ ಗಾಜಿಗೆ ‘ಅಮ್ಮನ ಆಶೀರ್ವಾದ’ ಅಂಟಿಸಿ, ನಡುವೆ ಇರಬೇಕಾದ ಪಾಲಿಸಿಯೊಂದನ್ನು ಮರೆತ ಮಹನೀಯರನ್ನು ಸ್ಮರಿಸಿ ಈ ಶಾಸ್ತ್ರವನ್ನು ಆರಂಭಿಸುತ್ತೇವೆ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ನೇ ಇದರ ಮೂಲಸೂತ್ರ: ಥರ್ಡ್ ಪಾರ್ಟಿ ವಿಮೆಯಿಲ್ಲದ ವಾಹನ ಸಾರ್ವಜನಿಕ ಸ್ಥಳದಲ್ಲಿ ಓಡಕೂಡದು. ಸೂತ್ರ ಇಷ್ಟು ನೇರವಾಗಿದ್ದರೆ ಭಾಷ್ಯಕಾರರು ಹೊಟ್ಟೆಗೇನು ತಿನ್ನಬೇಕು? ಪುಣ್ಯಕ್ಕೆ, ನಮ್ಮಲ್ಲಿ ಟೀ ಅಂಗಡಿಗೊಬ್ಬ ಭಾಷ್ಯಕಾರನಿದ್ದಾನೆ.

ಅವನ ಪೂರ್ವಪಕ್ಷ ಹೀಗಿದೆ. ಸಾವಿರದಿಂದ ಸಾವಿರದೈನೂರು ಸಿಸಿವರೆಗಿನ ಖಾಸಗಿ ಕಾರಿಗೆ 2022ರಲ್ಲಿ ಸರ್ಕಾರ ಗೊತ್ತುಮಾಡಿದ ಥರ್ಡ್ ಪಾರ್ಟಿ ಪ್ರೀಮಿಯಂ, ತೆರಿಗೆ ಬಿಟ್ಟು, 3,416 ರೂಪಾಯಿ. ವಿಮೆಯಿಲ್ಲದೆ ಸಿಕ್ಕಿಬಿದ್ದರೆ 196ನೇ ಸೆಕ್ಷನ್ನಿನಲ್ಲಿ ಮೊದಲ ಸಲದ ದಂಡ 2,000. ಆದ್ದರಿಂದ, ‘ಸಿಕ್ಕಿಬಿದ್ದರೂ 1,416 ರೂಪಾಯಿ ಲಾಭ ಸಾರ್!’ ಈ ಗಣಿತದಲ್ಲಿ ದೋಷವಿಲ್ಲ. ಅದೇ ಸೆಕ್ಷನ್ನಿನಲ್ಲಿ ಮೂರು ತಿಂಗಳವರೆಗಿನ ಜೈಲೂ ಇದೆ, ಎರಡನೇ ಸಲಕ್ಕೆ ದಂಡ 4,000 ಆಗುತ್ತದೆ ಎಂಬುದನ್ನು ಭಾಷ್ಯಕಾರ ಬನ್ನಿನ ಜೊತೆ ನುಂಗಿದ್ದಾನೆ, ಅಷ್ಟೆ.

ಇನ್ನು ಉತ್ತರಪಕ್ಷ. ದಂಡ ಸರ್ಕಾರಕ್ಕೆ ಸಲ್ಲುವ ದಕ್ಷಿಣೆ. ಗುದ್ದಿಸಿಕೊಂಡವನ ಲೆಕ್ಕ ಬೇರೆಯೇ ಪುಸ್ತಕದಲ್ಲಿದೆ. ವಿಮೆಯಿಲ್ಲದ ಕಾರು ಗುದ್ದಿ ಮೂವತ್ತು ವರ್ಷದ ಒಬ್ಬ ಬಡಗಿ ತೀರಿಕೊಂಡನೆನ್ನೋಣ. ತಿಂಗಳ ದುಡಿಮೆ 20,000. ಮನೆಯಲ್ಲಿ ತಾಯಿ, ಹೆಂಡತಿ, ಇಬ್ಬರು ಮಕ್ಕಳು. ವರ್ಷಕ್ಕೆ 2,40,000. ಮುಂದೆ ಹೆಚ್ಚಬಹುದಾಗಿದ್ದ ಆದಾಯಕ್ಕೆಂದು ಶೇ. 40 ಸೇರಿಸಿ, ಅವನ ಸ್ವಂತ ಖರ್ಚಿಗೆಂದು ಕಾಲುಭಾಗ ಕಳೆದರೆ 2,52,000. ಸುಪ್ರೀಂ ಕೋರ್ಟು 2009ರಲ್ಲಿ ಕೊಟ್ಟ ಮಗ್ಗಿಯಲ್ಲಿ ಈ ವಯಸ್ಸಿಗೆ ಗುಣಕ 17. ಒಟ್ಟು ಪರಿಹಾರ 42,84,000 ರೂಪಾಯಿ, ವಿಮೆಯಿಲ್ಲದಿದ್ದರೆ ಮಾಲೀಕನ ಜೇಬಿನಿಂದಲೇ. ಅಂತ್ಯಕ್ರಿಯೆ ಮುಂತಾದವುಗಳ ಬಾಬ್ತು ಬೇರೆ. ಇಷ್ಟು ಹಣದಲ್ಲಿ ಮೇಲಿನ ಪ್ರೀಮಿಯಮ್ಮನ್ನು 1,254 ವರ್ಷ ಕಟ್ಟಬಹುದಿತ್ತು. ಅಂದರೆ ರಾಷ್ಟ್ರಕೂಟರ ಒಂದನೇ ಕೃಷ್ಣ ಎಲ್ಲೋರದಲ್ಲಿ ಬಂಡೆ ಕೊರೆಸುತ್ತಿದ್ದ ಕಾಲದಿಂದ ಈವರೆಗೆ, ಒಂದು ವರ್ಷವೂ ಲ್ಯಾಪ್ಸ್ ಆಗದಂತೆ.

‘ತಪ್ಪು ದೊಡ್ಡ ಗಾಡಿಯದೇ’ ಎಂಬ ರಸ್ತೆಬದಿಯ ಸ್ಮೃತಿಯನ್ನು ಇಲ್ಲಿ ವಿಚಾರಿಸಬೇಕು. ಸ್ಕೂಟರಿಗೂ ಕಾರಿಗೂ ಆದರೆ ಕಾರಿನದು, ಕಾರಿಗೂ ಲಾರಿಗೂ ಆದರೆ ಲಾರಿಯದು, ಎಮ್ಮೆಗೂ ಲಾರಿಗೂ ಆದರೆ ಚರ್ಚೆಯೇ ಇಲ್ಲ. ಅಪಘಾತವಾದ ಐದು ನಿಮಿಷದಲ್ಲಿ ಪೀಠ ತುಂಬುತ್ತದೆ. ಮಫ್ಲರ್ ಸುತ್ತಿದ ಹಿರಿಯರೊಬ್ಬರು ‘ಐದು ಸಾವಿರ ಕೊಟ್ಟು ಕಳಿಸಪ್ಪಾ, ಕೋರ್ಟು ಕಚೇರಿ ಯಾಕೆ?’ ಎಂದು ತೀರ್ಪು ಕೊಡುತ್ತಾರೆ. ವಿಮೆಯಿಲ್ಲದವನಿಗೆ ಇದು ಪರಮಪ್ರಿಯ. ಆದರೆ ಕಾಲು ಮುರಿದುಕೊಂಡವನು ಪರಿಹಾರ ತೀರ್ಮಾನಿಸುವ ಕ್ಲೇಮ್ಸ್ ಟ್ರಿಬ್ಯೂನಲ್ಲಿಗೆ (ಬೆಂಗಳೂರಿನಲ್ಲಾದರೆ ಅದು ಲಘು ವ್ಯವಹಾರಗಳ ನ್ಯಾಯಾಲಯದಲ್ಲಿ ಕೂರುತ್ತದೆ) ಹೋದನೆಂದರೆ ಅಲ್ಲಿ ಮಫ್ಲರಿಗೆ ಮಾನ್ಯತೆಯಿಲ್ಲ.

‘ಆ ಕಾರನ್ನು ಎಂದೋ ಮಾರಿದೆ’ ಎಂಬುದು ಇನ್ನೊಂದು ವಾದ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಗಾಡಿ ಎಷ್ಟು ಕೈ ಬದಲಾಗಿದ್ದರೂ ಹೊಣೆ ಅವನದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ‘ಸರ್ಕಾರಿ ವಾಹನಗಳಿಗೆ ವಿನಾಯಿತಿಯಿದೆ, ನನಗೇಕಿಲ್ಲ?’ ಎನ್ನುವವರಿದ್ದಾರೆ. ಸರ್ಕಾರದ ಸಾರಿಗೆ ಸಂಸ್ಥೆಗಳು ಕೂಡ ಈ ವಿನಾಯಿತಿ ಪಡೆಯಬೇಕಾದರೆ ಪರಿಹಾರಕ್ಕೆಂದೇ ನಿಧಿ ತೆಗೆದಿಡಬೇಕು. ಹೆಂಡತಿಯ ಸಾಸಿವೆ ಡಬ್ಬಿ ಅಂಥ ನಿಧಿಯಾಗದು.

ಅತ್ಯಂತ ಸೂಕ್ಷ್ಮವಾದದ್ದು ಕಾಲಮೀಮಾಂಸೆ: ಗುದ್ದಿದ ಮೇಲೆ ಓಡಿಹೋಗಿ ಪಾಲಿಸಿ ಮಾಡಿಸಿದರೆ? ಈ ಪ್ರಯೋಗವೂ ಆಗಿಹೋಗಿದೆ. 1991ರ ಡಿಸೆಂಬರ್ 10ರ ಮಧ್ಯಾಹ್ನ 2.20ಕ್ಕೆ ಅಪಘಾತ, 2.55ಕ್ಕೆ ಪಾಲಿಸಿ. ಪಾಲಿಸಿ ಕೊಂಡ ಗಳಿಗೆಯಿಂದಷ್ಟೇ ಅದಕ್ಕೆ ಜೀವ, ಆದ್ದರಿಂದ ಕಂಪನಿ ಹೊಣೆಯಲ್ಲ ಎಂದಿತು ಸುಪ್ರೀಂ ಕೋರ್ಟು. ಮೂವತ್ತೈದು ನಿಮಿಷಗಳ ರಾಹುಕಾಲ.

ಕೊನೆಗೆ ಫಲಶ್ರುತಿ. ಪರಿಹಾರ ಕಟ್ಟದಿದ್ದರೆ 174ನೇ ಸೆಕ್ಷನ್ನಿನಂತೆ ಅದು ಭೂಕಂದಾಯದ ಬಾಕಿಯ ಹಾಗೆ ವಸೂಲಾಗುತ್ತದೆ. ಸೈಟು, ತೋಟ, ಅಜ್ಜನ ಕಾಲದ ಗದ್ದೆ ಜಫ್ತಿಯಾಗಬಹುದು. ಜಾಮೀನು ಒದಗಿಸದಿದ್ದರೆ ವಶಪಡಿಸಿಕೊಂಡ ಗಾಡಿಯನ್ನೇ ಮೂರು ತಿಂಗಳ ನಂತರ ಹರಾಜು ಹಾಕಿ ಹಣವನ್ನು ಟ್ರಿಬ್ಯೂನಲ್ಲಿಗೆ ಕಟ್ಟುವ ನಿಯಮ ತರಬೇಕೆಂದು 2018ರಲ್ಲೇ ಸುಪ್ರೀಂ ಕೋರ್ಟು ರಾಜ್ಯಗಳಿಗೆ ಸೂಚಿಸಿದೆ. ಮಾಲೀಕನಿಗೆ ಗದ್ದೆಯೂ ಇಲ್ಲ, ಗಾಡಿಯೂ ಗುಜರಿ ಎಂದಾದರೆ, ಬಡಗಿಯ ಹೆಂಡತಿಯ ಕೈಯಲ್ಲಿ ಉಳಿಯುವುದು ಟ್ರಿಬ್ಯೂನಲ್ಲಿನ ಆದೇಶದ ಪ್ರತಿ ಮಾತ್ರ. ಟೀ ಅಂಗಡಿಯ ಭಾಷ್ಯದಲ್ಲಿ ಅವಳ ಪ್ರಸ್ತಾಪವೇ ಬರುವುದಿಲ್ಲ.

ಓದುಗರೇ, ನಿಂಬೆಹಣ್ಣು ಇರಲಿ, ನಮ್ಮ ತಕರಾರಿಲ್ಲ. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಕವರಿನಿಂದ ಪಾಲಿಸಿ ತೆಗೆದು ಕೊನೆಯ ತಾರೀಖು ನೋಡಿ. ದಾಟಿದ್ದರೆ ಇವತ್ತು ಬಸ್ಸಿನಲ್ಲಿ ಹೋಗಿ.