ಐವತ್ಮೂರರ ಕನ್ನಡಿಗ

ಹೆಸರು ಬೇಕೇ ಬೇಕೆಂದರೆ ದೊಡ್ಡಬಸಪ್ಪ ಎಂದಿಟ್ಟುಕೊಳ್ಳಿ. ಬಳ್ಳಾರಿ ಕಡೆಯ ಕುರುಗೋಡಿನಲ್ಲಿ ಆ ಹೆಸರು ಹೇಳಿದರೆ ಯಾರೊಬ್ಬರ ಮಾನವೂ ಹೋಗುವುದಿಲ್ಲ. ಹೋಳಿ ಹುಣ್ಣಿಮೆ ಹೊತ್ತಿಗೆ ದೊಡ್ಡಬಸವೇಶ್ವರನ ತೇರು ಎಳೆಯುವಾಗ 'ಬಸಣ್ಣಾ' ಎಂದು ಒಮ್ಮೆ ಕೂಗಿ ನೋಡಿ, ಹಗ್ಗ ಹಿಡಿದವರಲ್ಲಿ ಅರ್ಧ ಮಂದಿ ಹಗ್ಗ ಬಿಟ್ಟು ತಿರುಗುತ್ತಾರೆ. ಅವರಲ್ಲಿ ನಾನು ಹೇಳಹೊರಟಿರುವ ಆಸಾಮಿ ಯಾರೆಂದು ಪತ್ತೆ ಹಚ್ಚುವುದು ಕಷ್ಟವಲ್ಲ. 'ಊಟ ಆಯ್ತಾ' ಎಂದು ಕೇಳಿದರೆ ಇಸವಿ ಹೇಳುವವನೇ ಅವನು.

ವಯಸ್ಸು ಐವತ್ತು ದಾಟಿದೆ. ಕಾಲುವೆಯ ಕೆಳಗೆ ಒಂದಿಷ್ಟು ಭತ್ತ, ಮೇಲೆ ಒಂದಿಷ್ಟು ಮೆಣಸಿನಕಾಯಿ. ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಕಡೆಯ ಹೋಟೆಲಿನಲ್ಲಿ ಮಂಡಾಳು ಒಗ್ಗರಣಿಯ ತಟ್ಟೆ ಮುಂದಿಟ್ಟುಕೊಂಡು ಕೂತನೆಂದರೆ ಭಾಷಣ ಶುರು. ಮಿರ್ಚಿಯನ್ನು ತೊಟ್ಟಿನಲ್ಲಿ ಹಿಡಿದು ಗಾಳಿಯಲ್ಲಿ ಆಡಿಸುತ್ತಾನೆ. ಒಂದು ಇಸವಿ ಹೇಳುತ್ತಾನೆ, ಒಂದು ಕಚ್ಚು ಕಚ್ಚುತ್ತಾನೆ. 1953ಕ್ಕೆ ಬರುವ ಹೊತ್ತಿಗೆ ಕೈಯಲ್ಲಿ ತೊಟ್ಟು ಮಾತ್ರ ಉಳಿದಿರುತ್ತದೆ. ಕೇಳುತ್ತ ಕೂತವರ ಕಣ್ಣಲ್ಲಿ ನೀರು. ಅದು ಮೆಣಸಿನಕಾಯಿಯ ಖಾರಕ್ಕೋ ಇತಿಹಾಸದ ಖಾರಕ್ಕೋ ಹೇಳಲಾಗದು.

ಅವನ ದೂರು ಒಂದೇ. ಸ್ವಂತ ರಾಜ್ಯದಲ್ಲಿ ಎಲ್ಲಿಗೆ ಹೋಗಿ ಬಾಯಿ ತೆರೆದರೂ ಎದುರಿನವರು ಕೇಳುತ್ತಾರೆ: 'ನೀವು ಆಂಧ್ರದವರಾ?'

ಮಗನಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಾಗ ಬಾಡಿಗೆ ಮನೆ ಮಾತಾಡಲು ಇವನೇ ಹೊರಟ. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ 'ಬರ್ತೀವಿ, ಹೋಗ್ತೀವಿ, ಕೊಡ್ತೀವಿ' ಎಂದು ಬೆಂಗಳೂರು ಕನ್ನಡದ ತಾಲೀಮು ನಡೆಸಿದ. ಆ ರೈಲಿನದೇ ಒಂದು ತಮಾಷೆ ಇದೆ. ಬಳ್ಳಾರಿಯಲ್ಲಿ ಹತ್ತಿದವರನ್ನು ಅದು ಗುಂತಕಲ್ಲು, ಅನಂತಪುರ, ಧರ್ಮಾವರಂ, ಹಿಂದೂಪುರ ಎಂದು ಆಂಧ್ರದೊಳಗೇ ಓಡಿಸಿ ಬೆಂಗಳೂರಿಗೆ ತಂದು ಇಳಿಸುತ್ತದೆ. ನಮ್ಮ ಕಡೆಯ ಕನ್ನಡಿಗ ತನ್ನ ರಾಜಧಾನಿಗೆ ಹೋಗಬೇಕಾದರೂ ಆಂಧ್ರದವರ ಅಂಗಳ ಹಾಯಬೇಕು. ಇಳಿದವನನ್ನು ಯಾರಾದರೂ 'ಆಂಧ್ರದಿಂದ ಬಂದ್ರಾ' ಎಂದರೆ ಆಣೆ ಮಾಡಿ ಇಲ್ಲ ಎನ್ನುವ ಹಾಗೂ ಇಲ್ಲ.

ಮನೆಯೊಡತಿ ಅವನ ಮಾತನ್ನು ಅರ್ಧ ನಿಮಿಷ ಕೇಳಿದರು. ತಾಲೀಮು ಮಾಡಿದ ಮೂರು ಕ್ರಿಯಾಪದ ಮುಗಿದು, ಅಡ್ವಾನ್ಸಿನ ಮೊತ್ತ ಕೇಳಿದ ಗಾಬರಿಗೆ 'ಯಪ್ಪಾ, ಅಷ್ಟ್ಯಾಕ?' ಎಂಬುದು ಬಾಯಿಂದ ಜಾರಿತ್ತು.

'ಯಾವ ಕಡೆ ನಿಮ್ಮದು? ಆಂಧ್ರನಾ?'

'ಇಲ್ರೀ ಮೇಡಂ, ಬಳ್ಳಾರಿ.'

'ಹಾಂ, ಅದೇ.'

ಆ 'ಅದೇ' ಅವನಿಗೆ ಇವತ್ತಿಗೂ ನಾಟಿಕೊಂಡಿದೆ. ಅಡ್ವಾನ್ಸು ಕೊಟ್ಟ, ಬೀಗದ ಕೈ ಇಸಕೊಂಡ, ಮೆಟ್ಟಿಲಲ್ಲೇ ನಿಂತು 1953 ಶುರು ಮಾಡಿದ. ಮಗ ರಟ್ಟೆ ಹಿಡಿದು ಎಳೆದುಕೊಂಡು ಹೋದ.

ಆ 1953ನ್ನು ಇಲ್ಲಿ ಅವನ ಪರವಾಗಿ ನಾನೇ ಹೇಳಿಬಿಡುತ್ತೇನೆ, ಮಿರ್ಚಿಯಾದರೂ ಉಳಿಯುತ್ತದೆ. ಮದ್ರಾಸ್ ಪ್ರಾಂತವನ್ನು ಒಡೆದು ಆಂಧ್ರ ರಾಜ್ಯ ಮಾಡುವಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ಆ ಕಡೆಗೆ ಹೋದವು. ಸಿರುಗುಪ್ಪ, ಹೊಸಪೇಟೆ, ಸಂಡೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಮೈಸೂರಿನ ಕಡೆಗೆ ಬಂದವು. ನಡುವೆ ಉಳಿದದ್ದು ಬಳ್ಳಾರಿ ತಾಲ್ಲೂಕು. ಅದು ಯಾರಿಗೆ ಸೇರಬೇಕೆಂದು ವಿಚಾರಣೆ ಮಾಡಲು ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಬಂದರು. ಮೈಸೂರಿಗೇ ಸೇರಲಿ ಎಂದರು. 1953ರ ಅಕ್ಟೋಬರ್ 1ರಂದು ಸೇರಿತು. ಕುರುಗೋಡು ಆಗ ಬಳ್ಳಾರಿ ತಾಲ್ಲೂಕಿನ ಊರು. ದೊಡ್ಡಬಸಪ್ಪನ ವಾದ ನಿಂತಿರುವುದು ಇದೇ ಅಡಿಪಾಯದ ಮೇಲೆ: 'ಬ್ಯಾರೇರೆಲ್ಲ ಹುಟ್ಟಿದ್ದಕ್ಕ ಕನ್ನಡಿಗರು. ನಾವು ವಿಚಾರಣಿ ನಡದು ತೀರ್ಮಾನ ಆದ ಕನ್ನಡಿಗರು.'

ಇದರಿಂದ ಅವನಿಗೆ ಒಂದು ಹಿರಿತನವೂ ಬಂದಿದೆ. ಹುಬ್ಬಳ್ಳಿ, ಕಲಬುರಗಿ, ಮಂಗಳೂರಿನವರೆಲ್ಲ ಬಂದು ಸೇರಿದ್ದು 1956ರ ನವೆಂಬರ್ 1ಕ್ಕೆ. ಲೆಕ್ಕ ಹಾಕಿ, ಬಳ್ಳಾರಿ ಮೂರು ವರ್ಷ ಸೀನಿಯರ್. ಹುಬ್ಬಳ್ಳಿಯ ಬೀಗರೊಬ್ಬರು ಮದುವೆ ಪಂಕ್ತಿಯಲ್ಲಿ 'ನಿಮ್ಮ ಮಾತಿನಾಗ ತೆಲುಗು ಬಡೀತೈತ್ರಿ' ಎಂದಾಗ ಇವನು ಹೋಳಿಗೆ ಬಿಟ್ಟು ಈ ಸೀನಿಯಾರಿಟಿ ಲಿಸ್ಟ್ ತೆಗೆದ. ಬೀಗರು ಪಕ್ಕದ ಎಲೆಗೆ ದಾಟಿಕೊಂಡರು. ಈ ವಿಷಯದಲ್ಲಿ ಅವನ ದನಿ ತಗ್ಗುವುದು ಒಂದೇ ಹೆಸರಿಗೆ. ವಿಲೀನದ ಸಂಭ್ರಮಕ್ಕೆ ಹಾಕಿದ್ದ ಚಪ್ಪರದ ಮೇಲೆ ದಾಳಿಯಾದಾಗ ಪ್ರಾಣ ಕೊಟ್ಟ ರಂಜಾನ್ ಸಾಬರ ಹೆಸರು ಬಂದರೆ ಮಿರ್ಚಿ ತಟ್ಟೆಗೆ ಇಳಿಯುತ್ತದೆ.

ಅವನ ಅಜ್ಜಿಗೆ ಮಾತ್ರ ಈ ತೀರ್ಮಾನ ಕೊನೆಯವರೆಗೂ ಮುಟ್ಟಲಿಲ್ಲ. ಆಕೆ ಆದವಾನಿ ಕಡೆಯ ಹೆಣ್ಣು. ಕೊಟ್ಟಾಗ ತವರೂ ಗಂಡನ ಮನೆಯೂ ಒಂದೇ ಜಿಲ್ಲೆ, ಒಬ್ಬನೇ ಕಲೆಕ್ಟರು. ಆಮೇಲೆ ಮೊಮ್ಮಗ 'ಅಜ್ಜಿ ಆಂಧ್ರಕ್ಕೆ ಹೊಂಟಾಳ' ಎಂದು ಓಣಿಯಲ್ಲಿ ಸಾರಿದರೆ, 'ತವರಿಗೆ ಹೊಂಟೀನಿ ಅಂದ್ನೆಪಾ, ಆಂಧ್ರಕ್ಕ ಯಾವಾಗ ಅಂದೆ?' ಎನ್ನುತ್ತಿದ್ದಳಂತೆ. ತವರಲ್ಲಿ ಆಕೆಯನ್ನು ಕರೆಯುತ್ತಿದ್ದದ್ದು 'ಕನ್ನಡಮ್ಮ' ಎಂದು.

ಹಾಗಾದರೆ ತೆಲುಗಿನವರಾದರೂ ಇವನನ್ನು ತಮ್ಮವನೆನ್ನುತ್ತಾರೆಯೇ? ತುಂಗಭದ್ರಾ ಕಾಲುವೆಗಳಿಗೆ ನೀರು ಬಂದ ಮೇಲೆ ಕರಾವಳಿ ಆಂಧ್ರದ ರೈತರು ಬಂದು ನೆಲೆಸಿದ ಕ್ಯಾಂಪುಗಳು ನಮ್ಮ ಸುತ್ತಮುತ್ತ ಬೇಕಾದಷ್ಟಿವೆ. ಅಲ್ಲಿನ ಹಿರಿಯರೊಬ್ಬರಿಗೆ ಇವನು ಸಲುಗೆಯಿಂದ 'ಯಾಡಿಕಿ ಪೋತಾಂಡಾವ್?' ಎಂದ. ಅವರು ನೊಂದುಕೊಂಡು, 'ಎಕ್ಕಡಿಕಿ ವೆಳ್ತುನ್ನಾರು ಅನಾಲಿ ಬಾಬೂ' ಎಂದು ತಿದ್ದಿದರು. ನೆಲ ಕುರುಗೋಡಿನದು, ನೀರು ತುಂಗಭದ್ರೆಯದು, ತಿದ್ದಿದ್ದು ಗೋದಾವರಿಯ ವ್ಯಾಕರಣ. ಅದೇ ಹಿರಿಯರ ಮೊಮ್ಮಗ ಆ ಹೊತ್ತಿಗೆ ಬೈಕಿನಲ್ಲಿ ಬಂದು 'ತಾತಾ, ಏನಲೇ ಲೇಟು? ಬಾರಲೇ' ಎಂದ. ಅವನನ್ನು ತಿದ್ದಲು ಯಾರಿಗೂ ಧೈರ್ಯವಾಗಲಿಲ್ಲ.

ಅವನ ನಾಲಿಗೆಯಿಂದ ನಾಲ್ಕು ಕಾಸು ಲಾಭವಾದದ್ದು ಗುಂಟೂರಿನಲ್ಲಿ ಮಾತ್ರ. ಇವನಿಗೆ ಬರುವ ತೆಲುಗು ಅನಂತಪುರ, ಕರ್ನೂಲು ಕಡೆಯದು, ಸೀಮೆಯ ತೆಲುಗು. 1999ರಲ್ಲಿ 'ಸಮರಸಿಂಹಾರೆಡ್ಡಿ' ಬಂದು ಓಡಿದ ಮೇಲೆ ತೆಲುಗು ಸಿನಿಮಾದಲ್ಲಿ ಬಾಂಬು ಎಸೆಯುವವರು, ಸುಮೋದಿಂದ ಕೊಡಲಿ ಹಿಡಿದು ಇಳಿಯುವವರು, ಎದುರಾಳಿಯ ವಂಶದ ಪಟ್ಟಿ ಓದುವವರು ಎಲ್ಲರೂ ಅದೇ ಧಾಟಿಯಲ್ಲಿ ಮಾತಾಡತೊಡಗಿದರು. ಇದರ ಅರಿವಿಲ್ಲದ ದೊಡ್ಡಬಸಪ್ಪ ಮೆಣಸಿನಕಾಯಿ ಮಾರಲು ಹೋಗಿ, ಹೆಗಲ ಟವೆಲ್ಲು ಕೊಡವಿ, 'ಏಮಪ್ಪಾ, ರೇಟು ಎಂತೋ ಸೆಪ್ಪು' ಎಂದ. ದಲ್ಲಾಳಿಯ ಗುಮಾಸ್ತ ಎದ್ದು ನಿಂತ. ಕುರ್ಚಿ ಬಂತು, ಮಜ್ಜಿಗೆ ಬಂತು, ತೂಕದಲ್ಲಿ ಒಂದು ಕಾಳೂ ಆಚೀಚೆಯಾಗಲಿಲ್ಲ. ಹೊರಡುವಾಗ ಹಿಂದಿನಿಂದ ಗುಮಾಸ್ತನ ಪಿಸುಮಾತು ಕೇಳಿಸಿತು: 'ಆಯನ ಸೀಮವಾಡು ಕಾದಂಟ, ಕನ್ನಡೋಡಂಟ.' ಕುರ್ಚಿ ಆಗಲೇ ಒಳಗೆ ಹೋಗಿತ್ತು.

1999ರ ಪ್ರಸ್ತಾಪ ಬಂತಲ್ಲ, ಆ ವರ್ಷದ ಲೋಕಸಭಾ ಚುನಾವಣೆಯ ಗಾಯವೂ ಅವನಲ್ಲಿದೆ. ಹರಿಯಾಣದವರಾದ ಸುಷ್ಮಾ ಸ್ವರಾಜ್ ಬಳ್ಳಾರಿಯಲ್ಲಿ ಸ್ಪರ್ಧಿಸಲು ಬಂದು, ಪ್ರಚಾರದ ಬಿಸಿಲಲ್ಲೇ ಕನ್ನಡ ಕಲಿತು, ಮೈಕಿನಲ್ಲಿ ನಿರರ್ಗಳವಾಗಿ ಮಾತಾಡಿದರು. ಜಿಲ್ಲೆಗೆ ಜಿಲ್ಲೆಯೇ ಚಪ್ಪಾಳೆ ಹೊಡೆಯಿತು, ಇವನೂ ಹೊಡೆದ. ಹೊಡೆಯುತ್ತ ಹೊಡೆಯುತ್ತ ಅವನಿಗೆ ಹೊಳೆದದ್ದು, ಹುಟ್ಟಿದಾಗಿನಿಂದ ಮಾತಾಡುತ್ತಿರುವ ತನಗೆ ಯಾರೂ ಒಂದು ಚಪ್ಪಾಳೆ ತಟ್ಟಿಲ್ಲ! ಕನ್ನಡ ಕಲಿತವರು ಸೋತರು. ಗೆದ್ದ ಸೋನಿಯಾ ಗಾಂಧಿ ಅಮೇಠಿ ಇಟ್ಟುಕೊಂಡು ಬಳ್ಳಾರಿ ಬಿಟ್ಟರು. 'ನಮ್ಮನ್ನ ವಿಚಾರಣಿ ಮಾಡಿ ತಗೊಂಡೋರು ಮಿಶ್ರಾ ಒಬ್ಬರೇ ಅಪ್ಪಾ' ಎಂದು ಅವತ್ತು ಮಾಡಿದ ಭಾಷಣಕ್ಕೆ ಎರಡು ಪ್ಲೇಟು ಮಿರ್ಚಿ ಖರ್ಚಾಯಿತು.

ಕಾಶಿಗೆ ಹೋದಾಗಿನದು ಇನ್ನೊಂದು ಕಥೆ. ಜಂಗಮವಾಡಿ ಮಠ ಮುಟ್ಟುವವರೆಗೂ ಕನ್ನಡದ ಒಂದು ಅಕ್ಷರ ಕಿವಿಗೆ ಬೀಳದೆ ಸೊರಗಿದ್ದ. ರೈಲಿನಲ್ಲಿ ಎದುರು ಸೀಟಿನವರು ಪೂರಿ ಕೊಟ್ಟು ವಿಶ್ವಾಸದಿಂದಲೇ ಕೇಳಿದರು: 'ಆಪ್ ಮದ್ರಾಸಿ ಹೈಂ?' ಮೈಸೂರಿನವರನ್ನೋ ಮಂಗಳೂರಿನವರನ್ನೋ ಹೀಗೆ ಕೇಳಿದ್ದರೆ ಅವರು ಸಿಟ್ಟಾಗುತ್ತಿದ್ದರು. ಇವನು ಸಿಟ್ಟಾಗಲು ಬಾಯಿ ತೆರೆದ, ಇತಿಹಾಸ ಅಡ್ಡ ಬಂತು. 1800ರಲ್ಲಿ ನಿಜಾಮ ಇಂಗ್ಲಿಷರಿಗೆ ಬರೆದುಕೊಟ್ಟಾಗಿನಿಂದ ಬಳ್ಳಾರಿ ಸೀಮೆ ಮದ್ರಾಸಿನ ಆಡಳಿತದಲ್ಲೇ ಇತ್ತಲ್ಲವೇ? ಅವನ ಅಪ್ಪ ಹುಟ್ಟಿದ್ದು ಮದ್ರಾಸ್ ಪ್ರಾಂತದಲ್ಲೇ ಅಲ್ಲವೇ? ಸುಳ್ಳು ಹೇಳುವ ಜಾಯಮಾನ ಅವನದಲ್ಲ. ತಡೆತಡೆದು ಹಿಂದಿಯಲ್ಲಿ ಹೇಳಿದ: 'ಥಾ. ತಿರಪನ್ ತಕ್ ಥಾ.' ಅವರು ಇನ್ನೆರಡು ಪೂರಿ ಕೊಟ್ಟರು.

ಈಗ ಮಗಳ ಕಾಲೇಜು ಸೀಟಿಗೆ 371ಜೆ ಮೀಸಲಾತಿಯ ಸರ್ಟಿಫಿಕೇಟು ಮಾಡಿಸಿದ್ದಾನೆ. 2013ರಲ್ಲಿ ಆ ಸೌಲಭ್ಯ ಬಂದಾಗ ಹೈದರಾಬಾದ್ ಕರ್ನಾಟಕದ ಜೊತೆ ಬಳ್ಳಾರಿಯನ್ನೂ ಸೇರಿಸಿದರು, 2019ರಲ್ಲಿ ಆ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಾಯಿತು. ಅಪ್ಪ ಮದ್ರಾಸಿನವ, ತಾನು ಮೈಸೂರಿನವ, ಮಗಳು ಕಲ್ಯಾಣದವಳು. ಮೂವರೂ ಹುಟ್ಟಿದ್ದು ಒಂದೇ ಮನೆಯ ಒಂದೇ ಕೋಣೆಯಲ್ಲಿ. ಆ ಕೋಣೆಯ ಸೋರುವ ಮಾಳಿಗೆಯನ್ನು ಮೂರು ಸರಕಾರಗಳೂ ನೋಡಿಲ್ಲ ಎನ್ನುವುದು ಹೆಂಡತಿಯ ತಕರಾರು. ಅದು ಬೇರೆ ಇಲಾಖೆಯ ವಿಷಯ.

ಇಷ್ಟೆಲ್ಲ ಅನುಭವಿಸಿದವನು ಹೊರಗಿನಿಂದ ಬಂದವರ ಬಗ್ಗೆ ಮೆತ್ತಗಿರುತ್ತಾನೆ ಎಂದುಕೊಂಡಿದ್ದರೆ ನಿಮಗೆ ಕುರುಗೋಡು ಗೊತ್ತಿಲ್ಲ. ಅವನಷ್ಟು ಬಿಗಿಯಾದ ಪರೀಕ್ಷಕ ಇನ್ನೊಬ್ಬನಿಲ್ಲ. ಬ್ಯಾಂಕಿಗೆ ಬಂದ ಉತ್ತರದ ಮ್ಯಾನೇಜರನ್ನು ಚಲನ್ ತುಂಬುವ ನೆಪದಲ್ಲಿ ವರ್ಣಮಾಲೆ ಕೇಳುತ್ತಾನೆ. ಮೈಸೂರಿನಿಂದ ವರ್ಗವಾಗಿ ಬಂದ ಮೇಷ್ಟ್ರಿಗೂ 'ನಿಮ್ಮ ಕನ್ನಡ ಭಾಳ ಮೆತ್ತಗೈತಿ ಸಾರ್, ನಮ್ಮ ಬಿಸಲಿಗೆ ತಡಿಯಂಗಿಲ್ಲ' ಎಂದು ಷರಾ ಬರೆದವನು. ಬಿಹಾರದಿಂದ ಬಂದು ಪಾನಿಪುರಿ ಗಾಡಿ ಇಟ್ಟ ಹುಡುಗನೊಬ್ಬನನ್ನಂತೂ ದಿನಾ ಸಂಜೆ ನಿಲ್ಲಿಸಿ ಪಾಠ ಮಾಡಿದ. ಒಂದು ಪುರಿಗೆ ಒಂದು ಶಬ್ದ, ತಪ್ಪಿದರೆ ಪುರಿ ವಾಪಸ್. ಆರು ತಿಂಗಳಿಗೆ ಆ ಹುಡುಗ 'ಖಾರ ಎಷ್ಟು ಹಾಕ್ಲಿಲೇ ಅಣ್ಣಾ? ಸುಮ್ಕ ತಿನ್ನಲೇ, ಭಾಳ ಮಾತಾಡಬ್ಯಾಡ' ಎನ್ನುವಷ್ಟು ಪಳಗಿದ. ಗುರುವಿಗೆ ಆನಂದಬಾಷ್ಪ.

ಹೆಚ್ಚಿನ ಸಂಪಾದನೆಗೆಂದು ಹುಡುಗ ಬೆಂಗಳೂರಿಗೆ ಹೋದ. ವಾರಕ್ಕೇ ಫೋನು ಬಂತು.

'ಅಣ್ಣಾ, ಇಲ್ಲಿ ನಾನು ಬಾಯಿ ಬಿಟ್ರ ಸಾಕು, ಎಲ್ಲಾರೂ ಆಂಧ್ರದಾವನಾ ಅಂತ ಕೇಳ್ತಾರಲೇ.'

'ನೀ ಏನಂದಿ?'

'ಇಲ್ಲ, ಬಿಹಾರ ಅಂದೆ. ಯಾರೂ ನಂಬಲ್ದಂಗ ಅದಾರ. ಏನ್ ಹೇಳ್ಲಿ ಅಣ್ಣಾ?'

ದೊಡ್ಡಬಸಪ್ಪ ಕೈಯಲ್ಲಿದ್ದ ಮಿರ್ಚಿಯನ್ನು ತೊಟ್ಟಿನಲ್ಲಿ ಹಿಡಿದ, ಗಂಟಲು ಸರಿಮಾಡಿಕೊಂಡ.

'ಪೆನ್ನು ಪೇಪರ್ ತಗೊಳಲೇ. ಬರಕೊ. ಮಿಶ್ರಾ ಅಂತ ಒಬ್ಬ ಜಡ್ಜ್ ಇದ್ರು…'