ಇಪ್ಪತ್ತು ಎಂಬಿಯ ಅವಸರ

ಕಂಪ್ಯೂಟರ್ ನಿಧಾನವಾಗಿದೆ ಎಂದು ನಾಲ್ಕು ಜನರ ಮುಂದೆ ಬಾಯಿಬಿಟ್ಟು ನೋಡಿ. ಒಬ್ಬರು ‘ವೈರಸ್ಸು’ ಅನ್ನುತ್ತಾರೆ. ಇನ್ನೊಬ್ಬರು ‘ಮೆಮೊರಿ ಸಾಲದು’ ಅನ್ನುತ್ತಾರೆ. ಮೂರನೆಯವರು ಒಂದ್ಸಲ ಆಫ್ ಮಾಡಿ ಆನ್ ಮಾಡಿ ಎಂದು ಹೇಳಿ, ಕಾಫಿ ಕುಡಿದು ಎದ್ದು ಹೋಗುತ್ತಾರೆ. ಆದರೆ ಆ ಕಂಪ್ಯೂಟರ್ 1980ರ ದಶಕದ್ದು ಎಂದು ಗೊತ್ತಾದರೆ ಸಾಕು, ಎಲ್ಲರ ತೀರ್ಪೂ ಒಂದೇ: ‘ವಯಸ್ಸಾಯ್ತಲ್ಲ ಸಾರ್.’

ಈ ತೀರ್ಪು ನನಗೆ ಒಗ್ಗುವುದಿಲ್ಲ. ನಾನೂ ಅರವತ್ತು ದಾಟಿರುವುದೇ ಅದಕ್ಕೆ ಕಾರಣ ಎಂಬುದು ಮನೆಯವರ ಅಭಿಪ್ರಾಯ. ಇರಬಹುದು. ಆದರೂ ಲೆಕ್ಕ ನನ್ನ ಕಡೆಗಿದೆ. 4.77 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿದ್ದ 8088 ಪ್ರೊಸೆಸರ್ ಇವತ್ತೂ 4.77ರಲ್ಲೇ ಓಡುತ್ತದೆ. ನಿಮಿಷಕ್ಕೆ 3600 ಸುತ್ತು ತಿರುಗುವ ಹಾರ್ಡ್ ಡಿಸ್ಕು ಒಂದೋ 3600 ಸುತ್ತು ತಿರುಗುತ್ತದೆ, ಇಲ್ಲವೋ ತಿರುಗುವುದೇ ಇಲ್ಲ. ಮೆಟ್ಟಿಲು ಹತ್ತುವಾಗ ನಡುವೆ ನಿಂತು ಸುಧಾರಿಸಿಕೊಳ್ಳುವ ಪದ್ಧತಿ ಅದಕ್ಕಿಲ್ಲ.

ನಮ್ಮ ಮನೆಯಲ್ಲಿರುವುದು ಒಂದು ಎಕ್ಸ್‌ಟಿ ಕಾಂಪ್ಯಾಟಿಬಲ್. ಐಬಿಎಂನವರು 1983ರಲ್ಲಿ ಎಕ್ಸ್‌ಟಿ ತಂದಾಗ ಅದರೊಳಗೆ 10 ಎಂಬಿಯ ಹಾರ್ಡ್ ಡಿಸ್ಕ್ ಇತ್ತು. ಆಮೇಲೆ ಅದರ ನಕಲುಗಳು ಊರೂರಿಗೆ ಬಂದವು, ಡಿಸ್ಕೂ 20 ಎಂಬಿಗೆ ಬೆಳೆಯಿತು. ನನ್ನದು ಭಾವನವರ ಲೆಕ್ಕಪತ್ರದ ಆಫೀಸಿನಲ್ಲಿ ದುಡಿದು ಬಂದದ್ದು. ಅಲ್ಲಿ ಆ ಕೋಣೆಗೆ ಹೋಗಬೇಕಾದರೆ ಬಾಗಿಲಲ್ಲೇ ಚಪ್ಪಲಿ ಬಿಡಬೇಕಿತ್ತು. ಭಾವನವರ ತಲೆಯ ಮೇಲೆ ಫ್ಯಾನು, ಕಂಪ್ಯೂಟರಿಗೆ ಏಸಿ. ಆ ಕಾಲದಲ್ಲಿ ಯಾರಿಗೂ ಅದು ವಿಚಿತ್ರ ಅನ್ನಿಸಿರಲಿಲ್ಲ. ಈಗ ಅದೇ ಕಂಪ್ಯೂಟರು ನಮ್ಮ ಮನೆಯಲ್ಲಿ ಹೊಲಿಗೆ ಮೆಷಿನ್ನಿನ ಪಕ್ಕ ಕೂತಿದೆ. 20 ಎಂಬಿ ಅಂದರೆ ಎಷ್ಟು ಎಂದು ಕೇಳುವ ಮಕ್ಕಳಿಗೆ ‘ನಿಮ್ಮ ಫೋನಿನ ನಾಲ್ಕೈದು ಫೋಟೊ’ ಎಂದರೆ, ಇಷ್ಟು ದಪ್ಪ ಪೆಟ್ಟಿಗೆಯಲ್ಲಿ ಇಷ್ಟೇನಾ ಎಂದು ಪೆಟ್ಟಿಗೆಯ ಹಿಂದೆಯೂ ಬಗ್ಗಿ ನೋಡುತ್ತಾರೆ.

ಇದರ ಕಾಯಿಲೆ ಇಷ್ಟು: ಪತ್ರ ಬರೆಯುವ ವರ್ಡ್‌ಸ್ಟಾರ್ ಪ್ರೋಗ್ರಾಮಿನ ಸಣ್ಣದೊಂದು ಫೈಲು ತೆರೆಯುವಷ್ಟರಲ್ಲಿ ಒಗ್ಗರಣೆ ಹಾಕಿ ಬರಬಹುದಿತ್ತು. ಡಿಸ್ಕಿನ ಮುಂಭಾಗದ ಕೆಂಪು ದೀಪ ಹತ್ತಿದ್ದು ಆರುತ್ತಲೇ ಇರಲಿಲ್ಲ. ಸದ್ದೂ ಕಡಿಮೆಯೇ. ಅದು ನನ್ನ ಮಟ್ಟಿಗೆ ದೊಡ್ಡ ಸುಳಿವು. ಈ ಡಿಸ್ಕುಗಳಲ್ಲಿ ಓದುವ ತಲೆಯನ್ನು ಆಚೀಚೆ ಸರಿಸುವುದು ಒಂದು ಸ್ಟೆಪರ್ ಮೋಟಾರು. ಅದು ಹೆಜ್ಜೆ ಲೆಕ್ಕ ಹಾಕಿ ಸರಿಯುವಾಗ ‘ಗುರ್ರ್ ಟಕ್’ ಎಂದು ಕೋಣೆಗೆಲ್ಲ ಕೇಳಿಸುತ್ತದೆ. ಫೈಲು ಚೂರುಚೂರಾಗಿ ಡಿಸ್ಕಿನ ತುಂಬ ಹರಡಿದ್ದರೆ ತಲೆ ಅಲೆಯಬೇಕು, ಅಲೆದರೆ ಗುರುಗುಟ್ಟಬೇಕು. ಇಲ್ಲಿ ದೀಪ ಉರಿಯುತ್ತಿದೆ, ಗುರುಗುಟ್ಟುವುದಿಲ್ಲ. ಅಂದರೆ ತಲೆ ಒಂದೇ ಕಡೆ ನಿಂತು ಏನನ್ನೋ ಕಾಯುತ್ತಿದೆ.

ಆದರೂ ಪದ್ಧತಿ ಬಿಡಬಾರದೆಂದು ಮನೆಮದ್ದುಗಳನ್ನು ಮೊದಲು ಮಾಡಿದೆ. ಡಿಸ್ಕಿನಿಂದ ಓದಿದ್ದನ್ನು ಮೆಮೊರಿಯಲ್ಲಿ ಹಿಡಿದಿಡುವ ಬಫರ್‌ಗಳ ಸಂಖ್ಯೆಯನ್ನು ಕಾನ್ಫಿಗ್ ಫೈಲಿನಲ್ಲಿ ಏರಿಸಿದೆ. ಗುಲಾಬಿ ಅಂಗಿ ತೊಟ್ಟು ಕೈಕಟ್ಟಿ ನಿಂತ ಚಿತ್ರದಿಂದ ಹೆಸರಾದ ಪೀಟರ್ ನಾರ್ಟನ್‌ರ ಹೆಸರಿನ ಯುಟಿಲಿಟಿಗಳಲ್ಲಿ ಸ್ಪೀಡ್ ಡಿಸ್ಕ್ ಎಂಬುದೊಂದಿದೆ. ಚೆದುರಿದ ಫೈಲುಗಳನ್ನು ಒಂದೆಡೆ ಕೂಡಿಸುತ್ತದೆ. ಪರದೆಯ ಮೇಲೆ ಚೌಕಗಳು ಒಂದೊಂದಾಗಿ ಎದ್ದು ಮುಂದೆ ಹೋಗಿ ಕೂರುವುದನ್ನು ನೋಡುತ್ತ ನಾನು ಎಷ್ಟೋ ಮಧ್ಯಾಹ್ನ ಕಳೆದಿದ್ದೇನೆ. ಅದರಷ್ಟು ನೆಮ್ಮದಿ ಕೊಡುವ ಸೀರಿಯಲ್ಲು ಇವತ್ತಿಗೂ ಯಾವ ಚಾನೆಲ್ಲಿನಲ್ಲೂ ಬಂದಿಲ್ಲ. ವೇಗ ಮಾತ್ರ ಕೂದಲೆಳೆಯಷ್ಟು ಹೆಚ್ಚಿರಬಹುದು.

ಎರಡನೆಯ ಗುಮಾನಿ ಹವೆಯ ಮೇಲೆ. ಸ್ಟೆಪರ್ ಮೋಟಾರಿಗೆ ತಾನು ಟ್ರ್ಯಾಕಿನ, ಅಂದರೆ ಡಿಸ್ಕಿನ ಮೇಲೆ ಬರೆಯುವ ವೃತ್ತದ, ನಡುಮಧ್ಯೆ ನಿಂತಿದ್ದೇನೋ ಅಂಚಿಗೆ ನಿಂತಿದ್ದೇನೋ ತಿಳಿಯದು. ಇಷ್ಟು ಹೆಜ್ಜೆ ಅಂದರೆ ಇಷ್ಟು ಹೆಜ್ಜೆ, ಅಷ್ಟೆ. ಬಿಸಿಗೆ ಲೋಹ ಹಿಗ್ಗಿದರೆ ಅದೇ ಹೆಜ್ಜೆ ಕೂದಲೆಳೆ ಪಕ್ಕಕ್ಕೆ ಬೀಳುತ್ತದೆ. ತಂಪಿನಲ್ಲಿ ಬರೆದದ್ದನ್ನು ಬಿಸಿಯಲ್ಲಿ ಓದಲು ತಡವರಿಸುತ್ತದೆ, ಒಮ್ಮೆ ತಡವರಿಸಿದರೆ ಇನ್ನೊಂದು ಸುತ್ತು ಕಾಯುತ್ತದೆ. ಅದಕ್ಕೇ ಬಲ್ಲವರು ಡಿಸ್ಕನ್ನು ಅರ್ಧ ಗಂಟೆ ಓಡಿಸಿ, ಬೆಚ್ಚಗಾದ ಮೇಲೆ ಫಾರ್ಮ್ಯಾಟ್ ಮಾಡಿ ಅನ್ನುತ್ತಿದ್ದದ್ದು. ನಮ್ಮದು ಮೈಸೂರಿನ ಡಿಸೆಂಬರ್ ಬೆಳಗ್ಗೆಯಲ್ಲೂ ಏಪ್ರಿಲ್ ಮಧ್ಯಾಹ್ನದಲ್ಲೂ ಒಂದೇ ಸಮ ನಿಧಾನ. ಹವೆಯನ್ನು ಖುಲಾಸೆ ಮಾಡಿದೆ.

ಉಳಿದದ್ದು ಇಂಟರ್‌ಲೀವ್. ಇದರ ವಿಚಾರ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಹೇಳಲು ಯಾರೂ ಸಿಗದೆ ಬಹಳ ದಿನವಾಗಿದೆ.

ಈ ಬಗೆಯ ಡಿಸ್ಕಿನಲ್ಲಿ ಒಂದು ಟ್ರ್ಯಾಕಿಗೆ ಸೆಕ್ಟರು ಎಂಬ 17 ತುಂಡು, ಒಂದೊಂದರಲ್ಲಿ 512 ಬೈಟು. ಒಂದು ಸುತ್ತಿಗೆ ಸುಮಾರು 16.7 ಮಿಲಿಸೆಕೆಂಡು. ಹಾಗಾದರೆ ಒಂದು ಸೆಕ್ಟರು ತಲೆಯ ಕೆಳಗೆ ಹಾಯಲು ಒಂದು ಮಿಲಿಸೆಕೆಂಡೂ ಬೇಡ. ಒಂದನೆಯದನ್ನು ಓದಿದ ಕಂಟ್ರೋಲರು, ಅಂದರೆ ಡಿಸ್ಕನ್ನು ನಡೆಸುವ ಕಾರ್ಡು, ಅದನ್ನು ಕಂಪ್ಯೂಟರಿಗೆ ಒಪ್ಪಿಸಿ, ರಸೀದಿ ತೆಗೆದುಕೊಂಡು, ‘ಮುಂದಿನದು’ ಎಂದು ತಿರುಗುವಷ್ಟರಲ್ಲಿ ಎರಡನೆಯದು ದಾಟಿ ಹೋಗಿರುತ್ತದೆ. ಮದುವೆಮನೆಯ ಪಂಕ್ತಿಯಲ್ಲಿ ಕೂತವರಿಗೆ ಈ ಸಂಕಟ ಗೊತ್ತು. ಸಾರಿನ ಬಕೆಟ್ ಹಿಡಿದವನು ಓಡುತ್ತಲೇ ಬರುತ್ತಾನೆ. ನಾವು ಬಾಯಲ್ಲಿದ್ದ ಕೋಸಂಬರಿ ನುಂಗಿ ಅನ್ನದಲ್ಲಿ ಗುಳಿ ಮಾಡುವಷ್ಟರಲ್ಲಿ ಅವನು ಮೂರು ಎಲೆ ಆಚೆ. ಇನ್ನು ಪಂಕ್ತಿಯೆಲ್ಲ ಸುತ್ತಿ ಬರುವವರೆಗೆ ಒಣ ಅನ್ನ ನೋಡುತ್ತ ಕೂರಬೇಕು.

ಇದಕ್ಕೆ ಹಳಬರು ಕಂಡುಕೊಂಡ ಉಪಾಯ ನನಗೆ ಇವತ್ತೂ ಖುಷಿ ಕೊಡುತ್ತದೆ. ಸೆಕ್ಟರುಗಳನ್ನು ಒಂದರ ಪಕ್ಕ ಒಂದು ಇಡಲೇಬೇಡಿ. ಒಂದನೆಯದರಿಂದ ನಾಲ್ಕು ಸ್ಥಾನ ಮುಂದೆ ಎರಡನೆಯದನ್ನು ಇಡಿ, ಅಲ್ಲಿಂದ ನಾಲ್ಕು ಸ್ಥಾನ ಮುಂದೆ ಮೂರನೆಯದನ್ನು. ಈ ಅಂತರವೇ ಇಂಟರ್‌ಲೀವ್. ಕಂಟ್ರೋಲರು ಕೈ ಖಾಲಿ ಮಾಡಿಕೊಂಡು ತಿರುಗುವುದಕ್ಕೂ ಬೇಕಾದದ್ದು ಬಂದು ನಿಲ್ಲುವುದಕ್ಕೂ ಸರಿಹೋಗುತ್ತದೆ. ಹೀಗೆ ಇಟ್ಟರೆ ನಾಲ್ಕು ಸುತ್ತಿನಲ್ಲಿ ಇಡೀ ಟ್ರ್ಯಾಕು ಓದಿ ಮುಗಿಯುತ್ತದೆ. ಐಬಿಎಂನವರು ತಮ್ಮ ಎಕ್ಸ್‌ಟಿಯಲ್ಲಿ ಇನ್ನೂ ಧಾರಾಳವಾಗಿ ಆರರ ಅಂತರ ಇಟ್ಟಿದ್ದರು.

ನನ್ನ ಡಿಸ್ಕಿನಲ್ಲಿ ಇದ್ದ ಅಂತರ ಎರಡು. ಹಿಂದೆ ಯಾರೋ ಮೆಕ್ಯಾನಿಕ್ ಮಹಾಶಯರು, ಅಂತರ ಕಡಿಮೆಯಾದಷ್ಟೂ ವೇಗ ಹೆಚ್ಚು ಎಂಬ ನೇರ ಲೆಕ್ಕ ಹಾಕಿ ಫಾರ್ಮ್ಯಾಟ್ ಮಾಡಿದ್ದಾರೆ. ಭಾವನವರಿಗೆ ಅದಕ್ಕೆ ಬಿಲ್ಲೂ ಆಗಿರಬೇಕು. ಫಲ ಏನೆಂದರೆ, ಪ್ರತಿಯೊಂದು ಸೆಕ್ಟರೂ ಕೂದಲೆಳೆಯಲ್ಲಿ ತಪ್ಪಿ, ಪ್ರತಿ ಸಲವೂ ಒಂದು ಸುತ್ತು ದಂಡ. ಒಂದು ಟ್ರ್ಯಾಕಿಗೆ ನಾಲ್ಕರ ಬದಲು 19 ಸುತ್ತು! ಸೆಕೆಂಡಿಗೆ 130 ಕಿಲೋಬೈಟು ಬರಬೇಕಾದಲ್ಲಿ 27 ಬರುತ್ತಿತ್ತು. ಅಂದರೆ ಡಿಸ್ಕು ಸೋಮಾರಿಯಾಗಿರಲಿಲ್ಲ, ಅದನ್ನು ಅವಸರಪಡಿಸಿ ಕೆಡಿಸಿದ್ದರು. ಈ ಮಾತನ್ನು ಮನೆಯಲ್ಲಿ ಎರಡು ಮೂರು ಸಲ, ಬೇರೆ ಬೇರೆ ಸಂದರ್ಭಗಳಿಗೆ ಅನ್ವಯಿಸಿ ಹೇಳಿದೆ. ಯಾರೂ ಪ್ರತಿಕ್ರಿಯಿಸಲಿಲ್ಲ.

ಅಂತರ ಬದಲಿಸಲು ಬುಡದಿಂದ ಫಾರ್ಮ್ಯಾಟ್ ಮಾಡಬೇಕು. ಆಗ ಒಳಗಿರುವುದೆಲ್ಲ ಹೋಗುತ್ತದೆ. ಮೊದಲು ನಕಲು ತೆಗೆಯೋಣವೆಂದರೆ 360 ಕೆಬಿಯ ಫ್ಲಾಪಿ ಸುಮಾರು 58 ಬೇಕು. ಪುಣ್ಯಕ್ಕೆ 1980ರ ದಶಕದ ಕೊನೆಯಲ್ಲಿ ಸ್ಟೀವ್ ಗಿಬ್ಸನ್ ಬರೆದ ಸ್ಪಿನ್‌ರೈಟ್ ಎಂಬ ಪ್ರೋಗ್ರಾಮಿದೆ. ಅದು ಬೇರೆ ಬೇರೆ ಅಂತರಗಳನ್ನು ತಾನೇ ಪರೀಕ್ಷಿಸಿ ಪಟ್ಟಿ ತೋರಿಸುತ್ತದೆ. ಆಮೇಲೆ ಒಂದೊಂದು ಟ್ರ್ಯಾಕಿನಲ್ಲಿ ಇರುವುದನ್ನು ಮೆಮೊರಿಗೆ ಎತ್ತಿಟ್ಟುಕೊಂಡು, ಟ್ರ್ಯಾಕನ್ನು ಹೊಸದಾಗಿ ಗುರುತು ಹಾಕಿ, ಎತ್ತಿದ್ದನ್ನು ಮತ್ತೆ ಇಳಿಸುತ್ತದೆ. ಗಂಟೆಗಟ್ಟಲೆಯ ಕೆಲಸ. ಅಷ್ಟು ಹೊತ್ತೂ ಕರೆಂಟು ಹೋಗಬಾರದು ಎಂಬ ಒಂದೇ ಷರತ್ತು ನೆನೆದು ಭಾನುವಾರ ನೋಡಿ ಕೂತೆ. ಮಿಕ್ಸಿ ಹಾಕಬೇಡಿ ಎಂದೆ. ಕರೆಂಟು ಹೋಗಲಿಲ್ಲ. ಚಟ್ನಿಯೂ ಆಗಲಿಲ್ಲ.

ಕೆಲಸ ಮುಗಿದ ಮೇಲೆ ವರ್ಡ್‌ಸ್ಟಾರ್ ಫೈಲು ಕಣ್ಣು ಮಿಟುಕಿಸುವುದರಲ್ಲಿ ಬಂತು ಎಂದರೆ ಸುಳ್ಳಾಗುತ್ತದೆ. ಒಗ್ಗರಣೆಗೆ ಹೊತ್ತು ಸಿಗದಷ್ಟು ಬೇಗ ಬಂತು. ಅದರೊಳಗೆ ಇದ್ದದ್ದು ಭಾವನವರು ಯಾವುದೋ ಬಾಡಿಗೆದಾರರಿಗೆ ಬರೆದ ನೋಟೀಸಿನ ಕರಡು.

ಸಾಫ್ಟ್‌ವೇರ್‌ನಲ್ಲಿರುವ ನಮ್ಮ ಸೋದರಳಿಯ ಇದನ್ನೆಲ್ಲ ಕೇಳಿ, ‘ಮಾವ, ಇದಕ್ಕೆ ಒಂದು ಕಾರ್ಡು ಬರುತ್ತೆ. ಕ್ಯಾಮೆರಾದ ಕಾಂಪ್ಯಾಕ್ಟ್ ಫ್ಲ್ಯಾಶ್ ಅದರಲ್ಲಿ ಸಿಕ್ಕಿಸಿದರೆ ಆಯ್ತು. ತಿರುಗೋದೂ ಇಲ್ಲ, ಕಾಯೋದೂ ಇಲ್ಲ, ಸದ್ದೂ ಇಲ್ಲ’ ಅಂದ. ನಿಜವೇ. ಹಳೆಯ ಕಂಪ್ಯೂಟರುಗಳ ಹುಚ್ಚಿರುವ ಬಹಳ ಜನ ಹಾಗೇ ಮಾಡಿಕೊಂಡಿದ್ದಾರೆ, ಡಿಸ್ಕು ಕೈಕೊಟ್ಟರೆ ನಾನೂ ಮಾಡಿಕೊಳ್ಳುತ್ತೇನೆ. ಆದರೆ ಹಾಗೆ ಮಾಡಿಕೊಂಡವರಿಗೆ ಕಂಪ್ಯೂಟರು ತೀರಾ ಮೌನವಾಗಿದೆ ಎಂದು ಬೇಜಾರಾಗಿ, ಡಿಸ್ಕಿನ ದೀಪದ ತಂತಿಗೆ ಸಿಕ್ಕಿಸುವ ಇನ್ನೊಂದು ಪುಟ್ಟ ಬೋರ್ಡೂ ಮಾರಾಟಕ್ಕೆ ಬಂದಿದೆ. ದೀಪ ಮಿನುಗಿದಾಗಲೆಲ್ಲ ಅದು ‘ಟಕ್ ಟಕ್’ ಎಂದು ಹಾರ್ಡ್ ಡಿಸ್ಕಿನ ಸದ್ದು ಮಾಡುತ್ತದೆ. ಸೋದರಳಿಯನಿಗೆ ಅದರ ಬೆಲೆ ವಿಚಾರಿಸಲು ಹೇಳಿದ್ದೇನೆ, ಕೊಳ್ಳುವುದಕ್ಕಲ್ಲ. ನಮ್ಮಲ್ಲಿ ಅಸಲಿ ಸದ್ದೇ ಇರುವಾಗ ಎಷ್ಟು ಉಳಿಯಿತು ಎಂದು ಮನೆಯಲ್ಲಿ ಲೆಕ್ಕ ತೋರಿಸುವುದಕ್ಕೆ.